ಓಡಿದ ಕಿಲೋಮೀಟರಿನ ಲೆಕ್ಕ

ಕಳೆದ ನವೆಂಬರಿನಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಹಳೆಯ ಕಾರನ್ನು ಮಾರುತ್ತಿರುವುದಾಗಿ ಹೇಳಿದರು. ನನ್ನ ಹೆಂಡತಿಗೆ ಕೆಲಸಕ್ಕೆ ಹೋಗಿಬರಲು ಒಂದು ಸಣ್ಣ ಗಾಡಿ ಬೇಕಾಗಿತ್ತು. ನಾವು ಅದನ್ನು ಹತ್ತಿರದಿಂದ ನೋಡುವ ಮೊದಲೇ ನಾನು ಅದರ ನೋಂದಣಿ ಸಂಖ್ಯೆಯನ್ನು ಇಲ್ಲಿನ ಸರ್ಕಾರದ ಜಾಲತಾಣದಲ್ಲಿ ಹಾಕಿದೆ. ಶುಲ್ಕವಿಲ್ಲ, ಖಾತೆ ತೆರೆಯಬೇಕಿಲ್ಲ, ಒಟಿಪಿಗಾಗಿ ಕಾಯಬೇಕಿಲ್ಲ. 2014ರಲ್ಲಿ ರಸ್ತೆಗಿಳಿದ ಆ ಕಾರು 2017ರಿಂದ ಪ್ರತಿ ವರ್ಷ ಯಾವ ದಿನ ತಪಾಸಣೆಗೆ ಹೋಗಿತ್ತು, ಆ ದಿನ ಮೀಟರಿನಲ್ಲಿ ಎಷ್ಟು ಮೈಲಿ ಇತ್ತು, ಪಾಸಾಯಿತೋ ಇಲ್ಲವೋ, ಇಲ್ಲದಿದ್ದರೆ ಏಕಿಲ್ಲ ಎಂಬುದೆಲ್ಲ ಸಾಲಾಗಿ ತೆರೆದುಕೊಂಡಿತು. ಒಂದು ವರ್ಷ ಹಿಂದಿನ ಎಡ ಟೈರಿನ ಅಂಚು ಸವೆದಿತ್ತು. ಇನ್ನೊಂದು ವರ್ಷ ಮುಂದಿನ ಬ್ರೇಕ್ ಡಿಸ್ಕ್ ತುಕ್ಕು ಹಿಡಿದು ಫೇಲಾಗಿ, ಎರಡು ದಿನ ಬಿಟ್ಟು ಪಾಸಾಗಿತ್ತು. ಕೋವಿಡ್ ಕಾಲದಲ್ಲಿ ಗಾಡಿ ಹೆಚ್ಚುಕಡಿಮೆ ಮನೆಯ ಮುಂದೆಯೇ ನಿಂತಿತ್ತು ಎಂಬುದೂ ಆ ವರ್ಷದ ಮೈಲಿಗಳಿಂದಲೇ ತಿಳಿಯುತ್ತಿತ್ತು. ಆಕೆ ಹೇಳಿದ ಬೆಲೆಗೂ ಆ ದಾಖಲೆಗೂ ಹೊಂದಾಣಿಕೆಯಿತ್ತು, ಹೆಚ್ಚು ಮಾತಿಲ್ಲದೆ ವ್ಯವಹಾರ ಮುಗಿಯಿತು.

ಇದು ಇಲ್ಲಿ ಯಾರಿಗೂ ವಿಶೇಷವಲ್ಲ. ನನಗೆ ವಿಶೇಷವೆನಿಸಿದ್ದು, ಅದೇ ದಿನಗಳಲ್ಲಿ ದಾವಣಗೆರೆಯಲ್ಲಿ ನನ್ನ ತಂಗಿ ಇದೇ ಬಗೆಯ ಸಣ್ಣ ಕಾರೊಂದನ್ನು ಕೊಂಡು ಪಟ್ಟ ಪಾಡನ್ನು ಪ್ರತಿದಿನ ಫೋನಿನಲ್ಲಿ ಕೇಳುತ್ತಿದ್ದುದರಿಂದ.

ಅವಳು ಮೊದಲು ಹೊರಟಿದ್ದು ಹೊಸ ಗಾಡಿಗೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿತ್ತು, ಮೇಲಿನ ಸೆಸ್ಸೂ ಹೋಗಿತ್ತು. ಆಯುಧಪೂಜೆಗೆ ಹೊಸ ಗಾಡಿಯನ್ನೇ ಮನೆಗೆ ತರೋಣವೆಂದು ಗಂಡ ಹೆಂಡತಿ ಇಬ್ಬರೂ ಶೋರೂಂ ಹತ್ತಿದರು. ಇಳಿದ ಬೆಲೆ ನಿಜವೇ ಆಗಿತ್ತು, ಆದರೆ ಕೊಟೇಷನ್ನಿನ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಆ ಇಳಿಕೆಯ ಬಹುಪಾಲು ಕರಗಿತ್ತು. ನಮ್ಮ ರಾಜ್ಯದ ಜೀವಾವಧಿ ತೆರಿಗೆ ಐದರಿಂದ ಹತ್ತು ಲಕ್ಷದ ಕಾರಿಗೆ ಶೇಕಡ 14, ಹತ್ತು ದಾಟಿದರೆ ಶೇಕಡ 17, ಇಪ್ಪತ್ತು ದಾಟಿದರೆ ಶೇಕಡ 18, ಅದರ ಮೇಲೆ ಸೆಸ್. ಶೋರೂಂ ಬೆಲೆ 9,90,000 ರೂಪಾಯಿಯಾದರೆ ತೆರಿಗೆ 1,38,600. ಏರ್‌ಬ್ಯಾಗು, ಕ್ಯಾಮೆರಾ ಎಂದು ಒಂದು ಮೆಟ್ಟಿಲು ಮೇಲಿನ ಮಾದರಿ ಆರಿಸಿಕೊಂಡು ಬೆಲೆ 10,50,000ಕ್ಕೆ ಏರಿದರೆ ತೆರಿಗೆ 1,78,500. ಎಂದರೆ ಗಾಡಿಯ ಬೆಲೆ ಅರವತ್ತು ಸಾವಿರ ಏರಿದ್ದಕ್ಕೆ ಸುಮಾರು ನಲವತ್ತು ಸಾವಿರದ ಹೆಚ್ಚುವರಿ ತೆರಿಗೆ. ಇದರ ಜೊತೆಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು, ವಿಮೆಯನ್ನು ತಮ್ಮಲ್ಲೇ ಮಾಡಿಸಬೇಕೆಂಬ ಶೋರೂಮಿನ ಒತ್ತಾಯ ಬೇರೆ, ಮ್ಯಾಟು ಮಡ್‌ಫ್ಲ್ಯಾಪುಗಳ ಪ್ಯಾಕೇಜು ಬೇಡವೆಂದರೆ ಡೆಲಿವರಿಗೆ ಎರಡು ತಿಂಗಳು ಎಂಬ ಮಾತು ಬೇರೆ. ಇಬ್ಬರೂ ಸುಮ್ಮನೆ ಎದ್ದು ಬಂದರು. ದೀಪಾವಳಿ ಕಳೆದ ಮೇಲೆ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕಲು ಶುರುಮಾಡಿದರು.

ಸಿಕ್ಕಿದ್ದು 2016ರ ಪೆಟ್ರೋಲ್ ಕಾರು. ಬೆಲೆ 4,70,000. ಮೀಟರಿನಲ್ಲಿ 48,000 ಕಿಲೋಮೀಟರು. ಸಿಂಗಲ್ ಓನರ್, ಡಾಕ್ಟರು ಓಡಿಸಿದ್ದು, ಕಂಪನಿ ಸರ್ವಿಸ್, ಎಲ್ಲಿಯೂ ತಾಗಿಲ್ಲ ಎಂದು ವ್ಯಾಪಾರಿ ಹೇಳಿದ. ನಮ್ಮ ಮಾವನವರ ಕಾಲದ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಹೋಗಿದ್ದರು. ಅವನು ಬಾನೆಟ್ ಎತ್ತಿ, ಇಂಜಿನ್ನಿನ ಶಬ್ದ ಕೇಳಿ, ಆಯಿಲ್ ನೋಡಿ, ಪರವಾಗಿಲ್ಲ ಎಂದ. ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಮನೆಗೆ ತಂದರು. ತಿಂಗಳೊಳಗೆ ಕ್ಲಚ್ಚು ತೊಂದರೆ ಕೊಟ್ಟಿತೆಂದು ಅದೇ ಕಂಪನಿಯ ಸರ್ವಿಸ್ ಸ್ಟೇಷನ್ನಿಗೆ ಒಯ್ದಾಗ, ಕೌಂಟರಿನಲ್ಲಿ ಕುಳಿತಿದ್ದ ಹುಡುಗಿ ಕಂಪ್ಯೂಟರ್ ನೋಡಿ, ಮೇಡಂ, ಈ ಗಾಡಿ 2022ರಲ್ಲೇ 91,000 ಕಿಲೋಮೀಟರಿಗೆ ಸರ್ವಿಸ್ ಆಗಿದೆಯಲ್ಲ ಎಂದಳಂತೆ.

ಆ ಸುದ್ದಿ ಕೇಳಿದಾಗ ನನಗೆ ಸಿಟ್ಟು ಬಂದದ್ದು ಮೀಟರ್ ತಿರುಗಿಸಿದವನ ಮೇಲೆ ಮಾತ್ರವಲ್ಲ. ಮೋಸಗಾರರು ಈ ದೇಶದಲ್ಲೂ ಇದ್ದಾರೆ, ಇಲ್ಲಿಯೂ ಮೀಟರ್ ತಿರುಗಿಸುತ್ತಾರೆ. ನನ್ನನ್ನು ಕಾಡುತ್ತಿರುವುದು ಆ 91,000 ಎಂಬ ಸಂಖ್ಯೆ ಮೂರು ವರ್ಷಗಳಿಂದ ದಾವಣಗೆರೆಯ ಒಂದು ಕಂಪ್ಯೂಟರಿನಲ್ಲಿ ಇದ್ದೇ ಇತ್ತು ಎಂಬುದು. ಕೊಳ್ಳುವ ಮೊದಲು ತಂಗಿ ಅದೇ ಕೌಂಟರಿಗೆ ಹೋಗಿ ಕೇಳಿದ್ದಳು. ನಿಮ್ಮ ಹೆಸರಿನಲ್ಲಿ ಆರ್‌ಸಿ ಇಲ್ಲದೆ ಮಾಹಿತಿ ಕೊಡಲಾಗುವುದಿಲ್ಲ ಎಂದು ಹೇಳಿ ಕಳುಹಿಸಿದ್ದರು. ನಮ್ಮಲ್ಲಿ ಗಾಡಿಯ ಚರಿತ್ರೆ ಬರೆದಿಡಲ್ಪಡುತ್ತದೆ, ಆದರೆ ಅದು ತಿಳಿಯಬೇಕಾದವರಿಗೆ ದುಡ್ಡು ಕೊಟ್ಟಾದ ಮೇಲೆ ಮಾತ್ರ ತಿಳಿಯುತ್ತದೆ.

ಇಲ್ಲಿನ ವ್ಯವಸ್ಥೆ ಹೇಗೆ ನಡೆಯುತ್ತದೆಂದು ನೋಡಿದರೆ ಅದರಲ್ಲಿ ನಮ್ಮ ಕೈಗೆ ಎಟುಕದ್ದೇನೂ ಇಲ್ಲ. ಮೂರು ವರ್ಷ ತುಂಬಿದ ಪ್ರತಿಯೊಂದು ಕಾರೂ ವರ್ಷಕ್ಕೊಮ್ಮೆ ಎಂಒಟಿ ಎಂಬ ತಪಾಸಣೆಗೆ ಹೋಗಬೇಕು. ಅದನ್ನು ಮಾಡುವುದು ಸರ್ಕಾರಿ ಕಚೇರಿಯಲ್ಲ, ಪರವಾನಗಿ ಪಡೆದ ಸಾವಿರಾರು ಸಾಮಾನ್ಯ ಗ್ಯಾರೇಜುಗಳು. ಕಾರಿಗೆ ಅವರು ವಿಧಿಸಬಹುದಾದ ಗರಿಷ್ಠ ಶುಲ್ಕ 54.85 ಪೌಂಡು. ಬ್ರೇಕು, ಟೈರು, ದೀಪ, ಹೊಗೆ ಎಲ್ಲವನ್ನೂ ನೋಡಿ, ಮೀಟರಿನ ಅಂಕಿಯ ಸಮೇತ ಸರ್ಕಾರದ ಕಂಪ್ಯೂಟರಿಗೆ ಸೇರಿಸುತ್ತಾರೆ. ಜಾಲತಾಣದಲ್ಲಿ ಕಾಣುವುದು ಗಾಡಿಯ ವಿಷಯವೇ ಹೊರತು ಮಾಲೀಕರ ಹೆಸರಲ್ಲ, ವಿಳಾಸವಲ್ಲ. ಆದ್ದರಿಂದ ಖಾಸಗಿತನದ ತಕರಾರಿಗೂ ಅಲ್ಲಿ ಎಡೆಯಿಲ್ಲ. ನಮ್ಮಲ್ಲಿ ಹಳದಿ ಬೋರ್ಡಿನ ಗಾಡಿ ಎಫ್‌ಸಿಗೆ ಹೋಗುತ್ತದೆ, ಬಿಳಿ ಬೋರ್ಡಿನ ಕಾರನ್ನು ಮಾತ್ರ ನೋಂದಣಿಯಾದ ದಿನದಿಂದ ಹದಿನೈದು ವರ್ಷ ತುಂಬುವವರೆಗೆ ಯಾವ ಅಧಿಕಾರಿಯೂ ಫಿಟ್‌ನೆಸ್‌ಗೆಂದು ಮುಟ್ಟಿ ನೋಡಬೇಕಾಗಿಲ್ಲ. ಆ ಹದಿನೈದು ವರ್ಷಗಳಲ್ಲಿ ಅದು ಮೂರು ನಾಲ್ಕು ಕೈ ಬದಲಾಯಿಸಿರುತ್ತದೆ. ಪ್ರತಿ ಬಾರಿಯೂ ಕೊಳ್ಳುವವನಿಗಿರುವ ಆಧಾರ ಮಾರುವವನ ಮಾತು.

ಹೊಸ ಗಾಡಿ ದುಬಾರಿಯಾದಷ್ಟೂ ಈ ಕೊರತೆ ಹೆಚ್ಚು ನೋಯಿಸುತ್ತದೆ. 2020ರ ಏಪ್ರಿಲಿನಲ್ಲಿ ಬಿಎಸ್-6 ಎಂಬ ಹೊಗೆಯ ಹೊಸ ನಿಯಮ ಬಂದಿತು, ಮರುವರ್ಷ ಎಲೆಕ್ಟ್ರಾನಿಕ್ ಚಿಪ್‌ಗಳ ಅಭಾವ ಬಂದಿತು, ಬೆಲೆಗಳು ಏರಿದವು. ಮೊದಲಾದರೆ ಸಣ್ಣ ಹೊಸ ಕಾರು ಕೊಳ್ಳುತ್ತಿದ್ದ ಮೇಷ್ಟರು, ಬ್ಯಾಂಕಿನ ಗುಮಾಸ್ತರು, ಅಡಿಕೆಯ ದುಡ್ಡು ಕೈಗೆ ಬಂದ ಸಣ್ಣ ರೈತರು ಈಗ ಹಳೆಯ ಗಾಡಿಯ ಅಂಗಳದಲ್ಲಿ ನಿಂತಿದ್ದಾರೆ. ಹಳೆಯದರ ಬೆಲೆಯೂ ಏರಿದೆ, ಹಾಗೆ ಏರಿದಾಗ ಮೀಟರಿನಲ್ಲಿ ಅಳಿಸಿದ ಪ್ರತಿ ಹತ್ತು ಸಾವಿರ ಕಿಲೋಮೀಟರಿನ ಲಾಭವೂ ಏರುತ್ತದೆ. ಮೋಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಕಾಲ ಬಂದಿರಲಿಲ್ಲ. ದೇಶದಲ್ಲೇ ಅತಿ ಹೆಚ್ಚಿನ ವಾಹನ ತೆರಿಗೆ ಪಡೆಯುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿದೆ. ಅಷ್ಟು ತೆರಿಗೆ ಕಟ್ಟಿದ ಗಾಡಿಯ ಬಗ್ಗೆ ಮುಂದೆ ಕೊಳ್ಳುವವನಿಗೆ ನಾಲ್ಕು ನಿಜವಾದ ಮಾತು ಹೇಳುವ ಹೊಣೆ ಸರ್ಕಾರದ್ದಲ್ಲವೇ ಎಂದು ನಾನು ಕೇಳುತ್ತೇನೆ.

ಊರಿನ ಗೆಳೆಯರ ಬಳಿ ಇದನ್ನು ಹೇಳಿದರೆ ಬರುವ ಉತ್ತರ ಒಂದೇ: ಅದೆಲ್ಲ ನಿಮ್ಮ ಇಂಗ್ಲೆಂಡಿನಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಈ ಮಾತಿಗೆ ನನ್ನಲ್ಲಿ ತಾಳ್ಮೆ ಉಳಿದಿಲ್ಲ. ಇಂಗ್ಲೆಂಡಿನಲ್ಲೂ ಇದು ಒಂದೇ ದಿನ ಆದದ್ದಲ್ಲ. 1960ರಲ್ಲಿ ಈ ತಪಾಸಣೆ ಆರಂಭವಾದಾಗ ಹತ್ತು ವರ್ಷ ಮೀರಿದ ಗಾಡಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮೂರು ವರ್ಷಕ್ಕೆ ಇಳಿದದ್ದು 1967ರಲ್ಲಿ. ಇವತ್ತು ಜಾಲತಾಣದಲ್ಲಿ ಕಾಣುವ ದಾಖಲೆಗಳು 2005ರಿಂದ ಈಚಿನವು. ನಮ್ಮಲ್ಲಿ ಆಗಲೇ ಬಹುತೇಕ ಎಲ್ಲ ಆರ್‌ಟಿಒಗಳ ನೋಂದಣಿ ವಾಹನ್ ಎಂಬ ಒಂದೇ ಕೋಶದಲ್ಲಿದೆ. ವಿಮೆಯ ಅವಧಿ, ಹೊಗೆ ತಪಾಸಣೆಯ ಅವಧಿ, ಗಾಡಿಯ ಮೇಲೆ ಸಾಲವಿದೆಯೇ ಎಂಬುದು ಮೊಬೈಲಿನಲ್ಲೇ ಸಿಗುತ್ತದೆ. ಹೊಗೆ ತಪಾಸಣೆ ಮಾಡುವವರೂ ಇಲ್ಲಿನ ಗ್ಯಾರೇಜಿನವರ ಹಾಗೆ ಖಾಸಗಿಯವರೇ, ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕೂತವರು. ಅವರು ಕೊಡುವ ಪ್ರಮಾಣಪತ್ರವೂ ಅದೇ ಕೋಶಕ್ಕೆ ಸೇರುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಗಾಡಿ ಅವರ ಮುಂದೆ ನಿಂತಿರುತ್ತದೆ, ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತಾರೆ, ಕೊಳವೆ ತೂರಿಸುತ್ತಾರೆ. ನಮ್ಮ ಮನೆಯ ಗಾಡಿಗಳ ಚೀಟಿಗಳನ್ನು ತರಿಸಿಕೊಂಡು ನೋಡಿದೆ, ಓಡಿದ ಕಿಲೋಮೀಟರು ಅವುಗಳಲ್ಲಿ ಎಲ್ಲಿಯೂ ಇಲ್ಲ. ಮೀಟರಿನ ಒಂದು ಫೋಟೋ, ಒಂದು ಅಂಕಿ, ಅದನ್ನು ನೋಂದಣಿ ಸಂಖ್ಯೆ ಹಾಕಿದ ಯಾರಿಗಾದರೂ ಕಾಣುವಂತೆ ಇಡುವುದು, ನಾನು ಕೇಳುತ್ತಿರುವುದು ಇಷ್ಟೇ. 2019ರ ಏಪ್ರಿಲಿಗೆ ಮೊದಲು ನೋಂದಣಿಯಾದ ರಾಜ್ಯದ ಪ್ರತಿ ಗಾಡಿಗೂ ಹೊಸ ನಂಬರ್ ಪ್ಲೇಟ್ ಹಾಕಿಸಲೇಬೇಕೆಂದು 2023ರಲ್ಲಿ ಆದೇಶಿಸಿ, ಗಡುವು ಮುಂದೂಡುತ್ತಲಾದರೂ ಬೆನ್ನು ಬಿಡದ ಸರ್ಕಾರಕ್ಕೆ ಇದು ದೊಡ್ಡ ಕೆಲಸವಲ್ಲ.

ಮಾರುವವರ ಕಷ್ಟವನ್ನೂ ಒಂದು ಮಾತಿನಲ್ಲಿ ಹೇಳಿಬಿಡಬೇಕು. ಮಾಲೀಕತ್ವ ವರ್ಗಾವಣೆಯ, ಸಹಿ ಮಾಡಿದ ಖಾಲಿ 29, 30ನೇ ಫಾರಂಗಳನ್ನು ದಲ್ಲಾಳಿಯ ಕೈಗೆ ಕೊಟ್ಟು, ಆರ್‌ಸಿ ವರ್ಗಾವಣೆಯಾಯಿತೋ ಇಲ್ಲವೋ ಎಂದು ವರ್ಷಗಟ್ಟಲೆ ಆತಂಕದಲ್ಲಿರುವವರು ಪ್ರತಿ ಊರಿನಲ್ಲೂ ಇದ್ದಾರೆ. ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದ ಮೇಲೆ ಆ ಆತಂಕ ಸುಳ್ಳಲ್ಲ. ನಮ್ಮ ನೆರೆಯ ಶಿಕ್ಷಕಿ ಕಾರಿನ ಕೀಲಿ ಕೊಡುವ ಮೊದಲೇ ಮನೆಯ ಮೇಜಿನ ಮುಂದೆ ಕುಳಿತು ಹೊಸ ಮಾಲೀಕಳಾಗಿ ನನ್ನ ಹೆಂಡತಿಯ ಹೆಸರನ್ನು ದಾಖಲಿಸಿದರು, ಲಾಗ್‌ಬುಕ್ಕಿನ, ಎಂದರೆ ಇಲ್ಲಿನ ಆರ್‌ಸಿಯ, ಹಸಿರು ಚೀಟಿ ಹರಿದು ಕೊಟ್ಟರು. ಅವರು ಕಟ್ಟಿದ್ದ ರಸ್ತೆ ತೆರಿಗೆಯಲ್ಲಿ ಉಳಿದ ಪೂರ್ಣ ತಿಂಗಳುಗಳ ಹಣ ಅವರಿಗೆ ಹಿಂದಿರುಗಿತು. ಹೊಸ ಲಾಗ್‌ಬುಕ್ಕು ಸ್ವಾನ್ಸಿಯಲ್ಲಿರುವ ವಾಹನ ನೋಂದಣಿ ಕಚೇರಿಯಿಂದ ವಾರದೊಳಗೆ ಅಂಚೆಯಲ್ಲಿ ಬಂದಿತು.

ಇಷ್ಟು ಬರೆದ ಮೇಲೆ, ಇಷ್ಟವಿಲ್ಲದಿದ್ದರೂ, ಈ ದೇಶದ ಲೆಕ್ಕವನ್ನೂ ಪೂರ್ತಿ ಕೊಡಬೇಕು. ಅಗ್ಗದ ಹೊಸ ಕಾರು ಇಲ್ಲಿಯೂ ಮಾಯವಾಗುತ್ತಿದೆ. ದಶಕಗಳ ಕಾಲ ಮನೆಮಾತಾಗಿದ್ದ ಫೋರ್ಡ್ ಫಿಯೆಸ್ಟಾದ ತಯಾರಿಕೆಯೇ 2023ರಲ್ಲಿ ನಿಂತುಹೋಯಿತು. ಸಾಲದ ಮೇಲೆ ಕಾರು ಮಾರುವಾಗ ವ್ಯಾಪಾರಿಗಳು ಗ್ರಾಹಕರಿಗೆ ಹೇಳದೆ ಕಮಿಷನ್ ಪಡೆದ ವಿಷಯ 2025ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಳೆಯ ಕಾರಿನ ಮೇಲೆ ಸಾಲ ಉಳಿದಿದೆಯೇ ಎಂದು ತಿಳಿಯಲು ಇಲ್ಲಿ ಖಾಸಗಿ ಸಂಸ್ಥೆಗೆ ದುಡ್ಡು ತೆರಬೇಕು, ಅದನ್ನು ನಮ್ಮ ಆರ್‌ಸಿಯೇ ಹೇಳುತ್ತದೆ. ಮೊದಲ ಮೂರು ವರ್ಷ ತಪಾಸಣೆಯಿಲ್ಲದ ಕಾರಣ, ಆ ಅವಧಿಯಲ್ಲಿ ಮೀಟರ್ ತಿರುಗಿಸಿದರೆ ಎಂಒಟಿಯ ದಾಖಲೆಯೂ ಅದನ್ನು ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಭಾರವಾದದ್ದು ವಿಮೆ. ನಾವಿರುವ ಬೀದಿಯ ಪಿನ್‌ಕೋಡು, ವಯಸ್ಸು, ಉದ್ಯೋಗ ಎಲ್ಲವನ್ನೂ ಅಳೆದು ಪ್ರೀಮಿಯಂ ನಿಗದಿ ಮಾಡುತ್ತಾರೆ. ಊರಿನಲ್ಲಿ ವರ್ಷಗಟ್ಟಲೆ ಕ್ಲೇಮಿಲ್ಲದೆ ಓಡಿಸಿದ್ದನ್ನು ಇಲ್ಲಿನ ಬಹುತೇಕ ಕಂಪನಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊಸದಾಗಿ ಬಂದ ನಮ್ಮ ಹುಡುಗರಿಗೆ ಮೊದಲ ವರ್ಷದ ವಿಮೆ ಅವರು ಕೊಂಡ ಹಳೆಯ ಕಾರಿನ ಬೆಲೆಯನ್ನೇ ಮುಟ್ಟಿದ್ದನ್ನು ಕಂಡಿದ್ದೇನೆ. ಪಾಲಿಸಿಯಲ್ಲಿ ಹೆಸರಿಲ್ಲದವರು ಸಾಮಾನ್ಯವಾಗಿ ಗಾಡಿ ಮುಟ್ಟುವಂತಿಲ್ಲ. ರಾತ್ರಿ ಯಾರಿಗಾದರೂ ಎದೆನೋವೆಂದರೆ ಪಕ್ಕದ ಮನೆಯವರು ಕೀಲಿ ಕೇಳುವುದು, ಮದುವೆಯೆಂದರೆ ಚಿಕ್ಕಪ್ಪನ ಮಗ ಎರಡು ದಿನ ಗಾಡಿ ಒಯ್ಯುವುದು ಇಲ್ಲಿ ಯೋಚಿಸುವ ಮಾತಲ್ಲ.

ರಿಪೇರಿಯ ವಿಷಯದಲ್ಲಂತೂ ಊರನ್ನು ಮೀರಿಸುವವರಿಲ್ಲ. ತಂಗಿಯ ಗಾಡಿಯ ಕ್ಲಚ್ಚನ್ನು ಕೊನೆಗೆ ಸರಿಮಾಡಿದವನು ಅದೇ ಹಳೆಯ ಮೆಕ್ಯಾನಿಕ್. ಮೀಟರ್ ನಂಬಿ ಪರವಾಗಿಲ್ಲ ಎಂದದ್ದಕ್ಕೆ ನೊಂದುಕೊಂಡು, ಕೂಲಿಯನ್ನೂ ಬೇಡವೆಂದನಂತೆ. ಅವಳು ಬಲವಂತವಾಗಿ ಕೊಟ್ಟಳು. ಅವನು ಪಡೆದ ಹಣಕ್ಕೆ ಕವೆಂಟ್ರಿಯ ಗ್ಯಾರೇಜಿನಲ್ಲಿ ಅರ್ಧ ಗಂಟೆಯ ಕೆಲಸವೂ ಆಗುತ್ತಿರಲಿಲ್ಲ. ಗಾಡಿ ಈಗ ಚೆನ್ನಾಗಿಯೇ ಓಡುತ್ತಿದೆ, ಹಿಂದಿರುಗಿಸುವ ಮನಸ್ಸು ಅವಳಿಗಿಲ್ಲ. ಆದರೆ 48,000 ಕಿಲೋಮೀಟರಿಗೆಂದು ಕೊಟ್ಟ ಬೆಲೆಯಲ್ಲಿ ಹೆಚ್ಚಾದದ್ದನ್ನು ಬಿಡುವುದಿಲ್ಲವೆಂದು ಸರ್ವಿಸ್ ದಾಖಲೆಯ ಪ್ರತಿ ಪಡೆದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದಾಳೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ.