ಅಳಿವಿನ ಪಟ್ಟಿ ನೋಡಿ ಮೀನು ಕೊಳ್ಳಬೇಕಾ?

ಪರ: ದುಡ್ಡು ಕೊಡುವವರು ನಾವು

ಬೆಳಗಾವಿಗೆ ಸಮುದ್ರ ಇಲ್ಲ, ಸಮುದ್ರದ ಮೀನಿಗೇನೂ ಬರ ಇಲ್ಲ. ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬರ್ಫದ ಪೆಟ್ಟಿಗೆಗಳು ಬರುತ್ತವೆ, ಕಾರವಾರದಿಂದಲೂ ಬರುತ್ತವೆ. ಬಾಂಗಡೆ, ತಾರ್ಲಿ, ಸುರಮಯಿ ಜೊತೆಗೆ ಮೋರಿ, ಅಂದರೆ ಸಣ್ಣ ಶಾರ್ಕ್. ಒಮ್ಮೊಮ್ಮೆ ಗೊಬ್ರೊ ಕೂಡ. ಬಂಡೆ, ಹವಳದ ಸಂದಿಯಲ್ಲಿ ಬದುಕುವ ದಪ್ಪ ತುಟಿಯ ಈ ಮೀನನ್ನು ಕರಾವಳಿಯವರು ಮುರು ಮೀನು ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಗ್ರೂಪರ್. ಇವನ್ನೆಲ್ಲ ಕೊಳ್ಳುವವರು ನಾವು. ಹಾಗಿದ್ದ ಮೇಲೆ ಯಾವುದು ಕಷ್ಟದಲ್ಲಿದೆ ಅಂತ ತಿಳಿದುಕೊಳ್ಳುವ ಹೊಣೆಯೂ ನಮ್ಮದೇ ಅಲ್ವಾ?

"ಇನ್ನೂ ಸಿಗ್ತಾ ಇದೆಯಲ್ಲ, ಏನು ಚಿಂತೆ?" ಅನ್ನುವವರು ಗೊಬ್ರೊದ ಬದುಕು ನೋಡಬೇಕು. ಈ ಗುಂಪಿನ ಬಹಳಷ್ಟು ಜಾತಿಗಳು ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ದೊಡ್ಡ ಮೀನಿಗೆ ರೇಟು ಜಾಸ್ತಿ. ಹಾಗಾಗಿ ಮೊದಲು ಖಾಲಿಯಾಗುವುದು ಗಂಡುಗಳು. ಅದೂ ಸಾಲದೆಂಬಂತೆ ಹಲವು ಜಾತಿಗಳು ಮೊಟ್ಟೆ ಇಡಲು ವರ್ಷವರ್ಷವೂ ಅದೇ ಜಾಗಕ್ಕೆ, ಹೆಚ್ಚುಕಡಿಮೆ ಅದೇ ತಿಥಿಗೆ ಗುಂಪುಗೂಡುತ್ತವೆ. ಜಾಗ ಗೊತ್ತಿರುವ ದೋಣಿಯವರಿಗೆ ಕೊನೆಯ ತನಕ ಬಲೆ ತುಂಬ ಮೀನು. ಆಮೇಲೆ ಒಂದು ವರ್ಷ ಆ ಜಾಗಕ್ಕೆ ಮೀನೇ ಬರುವುದಿಲ್ಲ. ಕೆರಿಬಿಯನ್ ಕಡೆಯ ನಸ್ಸಾವ್ ಗ್ರೂಪರ್‌ಗೆ ಆದದ್ದು ಇದೇ. ಇವತ್ತು ಅದು ತೀವ್ರ ಅಪಾಯದ ಸಾಲಿನಲ್ಲಿದೆ.

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ 1964ರಲ್ಲಿ ಶುರುಮಾಡಿದ ಕೆಂಪು ಪಟ್ಟಿ, ಅಂದರೆ ಅಳಿವಿನ ಪಟ್ಟಿ, ಇಂಥ ಇಳಿಕೆಯನ್ನೇ ಅಳೆಯುತ್ತದೆ. 10 ವರ್ಷ ಅಥವಾ ಮೂರು ತಲೆಮಾರು, ಯಾವುದು ಉದ್ದವೋ ಅಷ್ಟು ಕಾಲದಲ್ಲಿ ಸಂಖ್ಯೆ ಎಷ್ಟು ಕುಸಿಯಿತು ಅಂತ ನೋಡುತ್ತಾರೆ. ಕುಸಿತದ ಕಾರಣ ಇನ್ನೂ ನಿಂತಿಲ್ಲ ಅಂದರೆ ಶೇ 30ಕ್ಕೆ ಅಪಾಯ, ಶೇ 50ಕ್ಕೆ ಹೆಚ್ಚಿನ ಅಪಾಯ, ಶೇ 80ಕ್ಕೆ ತೀವ್ರ ಅಪಾಯ. ತಲೆಮಾರಿನ ಈ ಲೆಕ್ಕ ನನಗೆ ಬಹಳ ಸರಿ ಅನಿಸುತ್ತದೆ. ಬೇಗ ಬೆಳೆದು ಬೇಗ ಮೊಟ್ಟೆ ಇಡುವ ಬಾಂಗಡೆಗೂ, ಅದಕ್ಕೆ ವರ್ಷಗಟ್ಟಲೆ ಬೇಕಾದ ಗೊಬ್ರೊಗೂ ಒಂದೇ ಅಳತೆ ಹಾಕಿದರೆ ಹೇಗೆ?

ಜಾವಾದ ಒಂದು ತೊರಕೆ (ಚಪ್ಪಟೆ ಮೈಯ ರೇ) ಮೀನಿನ ಕಥೆಯೂ ಇದೆ. 1862ರಲ್ಲಿ ಜಕಾರ್ತಾದ ಮೀನು ಮಾರುಕಟ್ಟೆಯಲ್ಲಿ ಆ ಜಾತಿಯ ಒಂದು ಹೆಣ್ಣು ಸಿಕ್ಕಿತ್ತು. ಆಮೇಲೆ ಯಾರಿಗೂ ಸಿಗಲಿಲ್ಲ. 2023ರ ಡಿಸೆಂಬರ್‌ನಲ್ಲಿ ಅದು ಅಳಿದಿದೆ ಎಂದು ಪಟ್ಟಿಗೆ ಬಂತು. ಶಾರ್ಕ್, ತೊರಕೆಗಳ ಕುಲದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಜಾತಿಗಳು ಈಗ ಅಪಾಯದಲ್ಲಿವೆ. ಮೋರಿ, ದೊಡ್ಡ ಗೊಬ್ರೊ ಬಿಡೋಣ. ಬಾಂಗಡೆ ತಿನ್ನೋಣ. ಜೂನ್, ಜುಲೈನಲ್ಲಿ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ರಜೆ ಇದ್ದಾಗ ಹಿಡಕಲ್, ಆಲಮಟ್ಟಿಯ ರೋಹು, ಕಾಟ್ಲಾ ಇದ್ದೇ ಇದೆ. ರುಚಿ ಬೇರೆ, ನಿಜ. ಉಪವಾಸವಂತೂ ಬೀಳುವುದಿಲ್ಲ.

ವಿರೋಧ: ತಟ್ಟೆ ಬಿಡಿ, ನದಿ ನೋಡಿ

"ಮಾವಶಿ, ಇದು ಯಾವ ಮೀನ್ರೀ?"
"ಮೋರಿ ರೀ."
"ಯಾವ ಜಾತಿ ಮೋರಿ?"
"ಮೋರಿ ಅಂದ್ರ ಮೋರಿ. ತಗೋತೀರೋ ಇಲ್ಲೋ?"

ಚರ್ಮ ಸುಲಿದು ತುಕಡಿ ಮಾಡಿದ ಮೇಲೆ ವಿಜ್ಞಾನಿಗೂ ಕಣ್ಣಿನಲ್ಲೇ ಗುರುತು ಹಿಡಿಯುವುದು ಕಷ್ಟ. ಪಟ್ಟಿ ಜಾತಿ ಲೆಕ್ಕ ಹಾಕುತ್ತದೆ, ಮಾರ್ಕೆಟ್ ತುಕಡಿ ಮಾರುತ್ತದೆ. ಪಟ್ಟಿ ಹಿಡಿದು ಹೋದ ಗಿರಾಕಿ ಸುಮ್ನೆ ಮಾವಶಿಯ ಹೊತ್ತು ಹಾಳು ಮಾಡುತ್ತಾನೆ, ಅಷ್ಟೆ.

ಪಟ್ಟಿ ಬಹುಮಟ್ಟಿಗೆ ಇಡೀ ಜಗತ್ತಿನ ಲೆಕ್ಕ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳದಲ್ಲಿ ಎಷ್ಟು ಮುರು ಮೀನು ಉಳಿದಿವೆ ಅಂತ ಅದು ಹೇಳುವುದಿಲ್ಲ. ತೊರಕೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಟಾಸ್ಮೇನಿಯಾದ ಹ್ಯಾಂಡ್‌ಫಿಶ್ ಕಥೆ ಯಾರೂ ಹೇಳುವುದಿಲ್ಲ. ಅದರಲ್ಲೂ ಒಂದು ಜಾತಿಗೆ ಇದ್ದದ್ದು ಒಂದೇ ಒಂದು ಹಳೆಯ ಮಾದರಿ. 2020ರಲ್ಲಿ ಅಳಿದಿದೆ ಅಂದರು, ಮರುವರ್ಷವೇ "ಮಾಹಿತಿ ಸಾಲದು" ಅಂತ ಬದಲಾಯಿಸಿದರು. ತಿದ್ದಿಕೊಂಡದ್ದು ಒಳ್ಳೆಯದೇ. ಆದರೆ ಇಷ್ಟು ಅಲುಗಾಡುವ ಲೆಕ್ಕವನ್ನು ಭಾನುವಾರದ ಸಂತೆಗೆ ಕಾನೂನು ಮಾಡಬೇಕಾ? ಕಾನೂನು ಬೇಕಾದ ಕಡೆ ಈಗಾಗಲೇ ಇದೆ. ಗರಗಸ ಮೀನು, ತಿಮಿಂಗಿಲ ಶಾರ್ಕ್, ಕಡಲ ಕುದುರೆಗಳನ್ನು 2001ರಲ್ಲೇ ವನ್ಯಜೀವಿ ಕಾಯ್ದೆಗೆ ಸೇರಿಸಿದ್ದಾರೆ.

ಮೋರಿಯನ್ನು ಬೇಕಂತಲೇ ಹಿಡಿಯುವವರಿಗಿಂತ, ಸಿಗಡಿಗೆ ಹಾಕಿದ ಟ್ರಾಲ್ ಬಲೆಗೆ ಅದು ತಾನಾಗಿ ಬೀಳುವುದೇ ಹೆಚ್ಚು. ಬಂದರಿಗೆ ಬರುವಾಗಲೇ ಸತ್ತಿರುತ್ತದೆ. ಬೆಳಗಾವಿ ಕೊಳ್ಳದಿದ್ದರೆ ಅದು ಒಣಮೀನಾಗುತ್ತದೆ, ಇಲ್ಲವೇ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಬಲೆಯ ಕಣ್ಣು ದೊಡ್ಡದಾಗುವವರೆಗೆ ನಮ್ಮ ತಟ್ಟೆಯ ತ್ಯಾಗ ಆ ಮೀನಿಗೆ ತಲುಪುವುದಿಲ್ಲ.

ಅಳಿವೆಯ, ಅಂದರೆ ನದಿ ಸಮುದ್ರ ಸೇರುವ ಜಾಗದ, ಮೀನಿನ ವಿಷಯದಲ್ಲಿ ಮಾತ್ರ ನಮ್ಮ ಕೈ ನೇರವಾಗಿ ಇದೆ. ಗೋವಾದವರು ಮೆಚ್ಚುವ ಚೊಣಕ್ ತಗೊಳ್ಳಿ. ಗೊಬ್ರೊಗೆ ಉಲ್ಟಾ ಇದು: ಮೊದಲು ಗಂಡು, ಆಮೇಲೆ ಹೆಣ್ಣು. ಮೊಟ್ಟೆ ಇಡುವುದು ನದಿ ಬಾಯಿಯ ಉಪ್ಪು ನೀರಿನಲ್ಲಿ. ಮರಿಗಳು ಬೆಳೆಯುವುದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ, ಹಳ್ಳಗಳಲ್ಲಿ, ಕೆಲವು ನದಿಯ ಮೇಲಕ್ಕೂ ಹೋಗುತ್ತವೆ. ಸಿಹಿ ನೀರು, ಉಪ್ಪು ನೀರು ಎರಡೂ ತಮ್ಮ ತಮ್ಮ ಕಾಲಕ್ಕೆ ಬೇಕು. ಕೆಂಪು ಪಟ್ಟಿಯಲ್ಲಿ ಚೊಣಕ್‌ಗೆ ಅಪಾಯವಿಲ್ಲ. ಹಾಗಂತ ಮಾಂಡೋವಿಯ ಅಳಿವೆಗೂ ಅಪಾಯವಿಲ್ಲ ಅನ್ನೋಕಾಗುತ್ತಾ?

ಆ ಮಾಂಡೋವಿ ಅಂದರೆ ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿ. ಕಳಸಾ, ಬಂಡೂರಿ ನಾಲೆಗಳಿಂದ ಮಲಪ್ರಭೆಗೆ 3.9 ಟಿಎಂಸಿ ತಿರುಗಿಸಲು 2018ರಲ್ಲಿ ನ್ಯಾಯಮಂಡಳಿ ಒಪ್ಪಿದೆ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಗೋವಾದವರೇನೂ ಸಾಚಾ ಅಲ್ಲ, ಅದಿರಿನ ಬಾರ್ಜುಗಳನ್ನು ಇದೇ ನದಿಯಲ್ಲಿ ಓಡಿಸಿದವರು. ಆದರೆ ನೀರು ತಿರುಗಿಸುವಾಗ ಯಾವ ತಿಂಗಳು ಕೆಳಗೆ ಎಷ್ಟು ಬಿಡುತ್ತಾರೆ, ಚೊಣಕ್ ಮೊಟ್ಟೆ ಇಡುವ ಮಳೆಗಾಲದಲ್ಲಿ ಎಷ್ಟು ಉಳಿಯುತ್ತದೆ ಅನ್ನುವ ಲೆಕ್ಕ ಜನರ ಮುಂದೆ ಇರಬೇಕು. ಕಳಸಾದ ನೀರು ತಿರುಗಿಸುವ ಕಣಕುಂಬಿ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಕೇಳುವುದಾದರೆ ಆ ಲೆಕ್ಕವನ್ನು ನೀರಾವರಿ ಕಚೇರಿಯಲ್ಲಿ ಕೇಳೋಣ.