ಪಾತ್ರೆಯ ಬೆನ್ನು ಬಿಡದ ಟೀ

ಮೇಜು ಒರೆಸಿದ ಬಟ್ಟೆ ಇನ್ನೂ ಒದ್ದೆಯಾಗಿದೆ. ನನ್ನ ಸಿಟ್ಟೂ ಒಣಗಿಲ್ಲ.

ಟೀ ಮಾಡುವುದೇನು ದೊಡ್ಡ ಕೆಲಸವಲ್ಲ. ಮಾಡಿದ ಟೀಯನ್ನು ಪಾತ್ರೆಯಿಂದ ಲೋಟಕ್ಕೆ ದಾಟಿಸುವುದೇ ಕಷ್ಟ. ನೀವು ಪಾತ್ರೆ ಬಗ್ಗಿಸುತ್ತೀರಿ. ಟೀ ಅಂಚಿನ ತನಕ ಬರುತ್ತದೆ, ಕೆಳಗಿರುವ ಲೋಟ ನೋಡುತ್ತದೆ, ಏನನ್ನಿಸುತ್ತದೋ ಏನೋ, ಅಲ್ಲಿಂದಲೇ ತಿರುಗಿ ಪಾತ್ರೆಯ ಹೊರಮೈ ಹಿಡಿದು ಇಳಿದು, ತಳಕ್ಕೆ ಬಂದು, ತಳದಿಂದ ಮೇಜಿಗೆ, ಮೇಜಿನಿಂದ ಪೇಪರಿಗೆ, ಪೇಪರಿನಿಂದ ನಿಮ್ಮ ತೊಡೆಗೆ. ಇಷ್ಟಾದ ಮೇಲೆ ಉಳಿದದ್ದು ಲೋಟಕ್ಕೆ. ನಿಮ್ಮ ಮನೆಯಲ್ಲೂ ಇದೇ ಕಥೆ ಅಲ್ವಾ? ನಮ್ಮಲ್ಲಿ ಹಾಗೆಲ್ಲ ಇಲ್ಲ ಅನ್ನುವವರು ಸುರಿಯುವ ಕೆಲಸವನ್ನು ಬೇರೆಯವರ ತಲೆಗೆ ಕಟ್ಟಿದವರು.

ನಮ್ಮ ಮನೆಯಲ್ಲಿ ಸುರಿಯುವ ಖಾತೆ ದೊಡ್ಡಪ್ಪನದು. ಜೀವಮಾನವಿಡೀ ಬೇರೆಯವರ ಲೆಕ್ಕಪತ್ರದಲ್ಲಿ ತಪ್ಪು ಹುಡುಕಿ ನಿವೃತ್ತರಾದವರು. ಈಗ ಹುಡುಕಲು ನಾವಿದ್ದೇವೆ. ಮನೆಯ ಖರ್ಚಿನ ಪುಸ್ತಕ ಅವರ ಕೈಯಲ್ಲಿದೆ. ಅದರಲ್ಲಿ ‘ಪೋಲು’ ಅಂತಲೇ ಒಂದು ಕಾಲಂ ಇದೆ. ಬೇರೆಯವರು ಟೀ ಹಾಕಿದರೆ ಚೆಲ್ಲುತ್ತಾರೆ ಎನ್ನುವುದು ಅವರ ಖಚಿತ ಅಭಿಪ್ರಾಯ. ಹಾಗಾಗಿ ತಾವೇ ಹಾಕುತ್ತಾರೆ. ಅದೂ ಹೇಗೆ? ನಿಧಾನವಾಗಿ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಉಸಿರು ಬಿಗಿಹಿಡಿದು, ಬಾಂಬ್ ಬಿಚ್ಚುವವರ ಹಾಗೆ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು, ಫ್ಯಾನ್ ತಿರುಗಬಾರದು. ಯಾರಾದರೂ ಚಡಪಡಿಸಿದರೆ ‘ನಿಧಾನವೇ ಪ್ರಧಾನ’ ಅನ್ನುತ್ತಾರೆ. ಅಷ್ಟರಲ್ಲಿ ಕೆಳಗೆ ಮೇಜಿನ ಮೇಲೆ ಟೀ ಒಂದು ದ್ವೀಪಸಮೂಹ ಕಟ್ಟಿರುತ್ತದೆ.

ಅಷ್ಟಕ್ಕೇ ಮುಗಿಯಲ್ಲ. ಪಾತ್ರೆ ಕೆಳಗಿಟ್ಟು, ಅದರ ಹೊರಮೈ ಮೇಲೆ ಇಳಿಯುತ್ತಿರುವ ಹನಿಯನ್ನು ಬೆರಳಿನಿಂದ ಮೇಲಕ್ಕೆ ಸವರಿಕೊಂಡು ಹೋಗಿ ಅಂಚು ದಾಟಿಸಿ ಒಳಗೆ ಕಳಿಸುತ್ತಾರೆ. ಒಂದೇ ಹನಿ. ಮುಖದಲ್ಲಿ ಗೆದ್ದ ಕಳೆ. ಆ ಟೀ ನಾವು ಕುಡಿಯಬೇಕು, ಇರಲಿ.

ಇವತ್ತು ಬೆಳಗ್ಗೆ ಚೆಲ್ಲಿದ್ದು ಜಾಸ್ತಿಯೇ ಆಯಿತು. ನಾನು ಬಟ್ಟೆ ತರಲು ಎದ್ದೆ. ‘ನಿಲ್ಲು, ಒರೆಸಿದರೆ ಪೂರಾ ಪೋಲು’ ಎಂದರು. ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದೆ. ಅದರ ಒಂದು ಬದಿಯನ್ನು ಮೆಲ್ಲಗೆ ಎತ್ತಿದರು. ಇನ್ನೊಂದು ಬದಿಯ ಅಂಚಿಗೆ ನನ್ನ ಕೈಯಿಂದ ಲೋಟ ಹಿಡಿಸಿದರು. ಸಕ್ಕರೆ ಡಬ್ಬಿ ಮೊದಲು ಜಾರಿತು, ಅದನ್ನು ಮೊಣಕೈಯಲ್ಲಿ ತಡೆದರು. ಕನ್ನಡಕದ ಪೆಟ್ಟಿಗೆ ಜಾರಿತು, ಅದಕ್ಕೆ ಗದ್ದ ಕೊಟ್ಟರು. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ವಾಪಸ್ ಹೋದರು. ಟೀ ಹರಿದು ಅಂಚಿಗೆ ಬಂತು. ನಾವಿಬ್ಬರೂ ಲೋಟದ ಕಡೆ ನೋಡುತ್ತಿದ್ದೆವು. ಲೋಟಕ್ಕೆ ಒಂದು ತೊಟ್ಟೂ ಬೀಳಲಿಲ್ಲ. ಅಂಚು ದಾಟಿದ ಟೀ ಹೊದಿಕೆಯ ಅಡಿಭಾಗವನ್ನು ಹಿಡಿದು, ಹಿಂದಕ್ಕೆ ಹರಿದು, ಸೀದಾ ನನ್ನ ತೋಳಿನೊಳಕ್ಕೆ ಇಳಿಯಿತು. ‘ನೀನು ಲೋಟ ಸರಿಯಾಗಿ ಹಿಡಿಯಲಿಲ್ಲ’ ಎಂದರು ದೊಡ್ಡಪ್ಪ.

ಅಂಗಿ ಬದಲಿಸಿ ಬಂದು, ಇದಕ್ಕೊಂದು ಕೊನೆ ಕಾಣಿಸಲೇಬೇಕು ಅಂತ ಓದಲು ಕೂತೆ. ನಮ್ಮ ಮನೆಯ ಈ ಜಗಳಕ್ಕೆ ಭೌತಶಾಸ್ತ್ರದಲ್ಲಿ ಹೆಸರೇ ಇದೆ ಮಾರಾಯ್ರೇ! ‘ಟೀಪಾಟ್ ಎಫೆಕ್ಟ್’. 1956ರಲ್ಲಿ ಆ ಹೆಸರಿಟ್ಟವರು ಮಾರ್ಕಸ್ ರೈನರ್, ವಸ್ತುಗಳು ಹೇಗೆ ಹರಿಯುತ್ತವೆ ಎನ್ನುವ ಶಾಸ್ತ್ರವನ್ನೇ ಕಟ್ಟಿದವರಲ್ಲಿ ಒಬ್ಬರು. ಮರುವರ್ಷವೇ ಜೋಸೆಫ್ ಕೆಲರ್ ಎಂಬ ಗಣಿತಜ್ಞ ಲೆಕ್ಕ ಹಾಕಿ ಒಂದು ವಿಷಯ ಹೇಳಿದರು. ಟೀ ಪಾತ್ರೆಗೆ ಅಂಟಿಕೊಳ್ಳುವುದಕ್ಕೆ ಅದರ ಅಂಟು ಗುಣವೇ ಮುಖ್ಯ ಕಾರಣವಲ್ಲ, ಗಾಳಿಯದೂ ಕೈವಾಡ ಇದೆ. ಅಂಚಿನ ಸುತ್ತ ತಿರುಗುವಾಗ ಅಂಚಿಗೆ ತಾಗಿದ ದ್ರವ ವೇಗವಾಗಿ ಓಡುತ್ತದೆ, ಅಲ್ಲಿ ಅದರ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿಯ ಒತ್ತಡ ಮಾತ್ರ ಹಾಗೇ ಇರುತ್ತದೆ. ಅದು ಧಾರೆಯನ್ನು ಪಾತ್ರೆಯ ಮೈಗೆ ಒತ್ತಿ ಹಿಡಿಯುತ್ತದೆ. ಅಂದರೆ ಇಷ್ಟು ದಿನ ನಮ್ಮ ವಿರುದ್ಧ ನಿಂತಿದ್ದು ಇಡೀ ವಾತಾವರಣ.

ಅಲೆಗಳು ಅಡೆತಡೆಯ ಅಂಚಿನಲ್ಲಿ ಹೇಗೆ ಬಾಗುತ್ತವೆ ಎಂಬುದರ ಮೇಲೆ ಹೆಸರು ಮಾಡಿದ ಮನುಷ್ಯ ಈ ಕೆಲರ್. ಅಂಥವರು ಟೀ ಸೋರುವುದನ್ನು ಬಿಡಲಿಲ್ಲ. ಮುಂದೆ ಜಾನ್-ಮಾರ್ಕ್ ವಾಂಡೆನ್-ಬ್ರೂಕ್ ಎಂಬವರ ಜೊತೆ ಸೇರಿ ಸೋರದ ಮೂತಿ ಹೇಗಿರಬೇಕು ಅಂತ ಲೆಕ್ಕ ಹಾಕಿದರು. ಇದಕ್ಕೆ 1999ರಲ್ಲಿ ವಾಂಡೆನ್-ಬ್ರೂಕ್‌ಗೆ ಇಗ್ ನೊಬೆಲ್ ಬಂತು. ಆಗ ಕೆಲರ್ ಹೆಸರು ಬಿಟ್ಟುಹೋಗಿತ್ತು, ಅವರ ಪಾಲನ್ನು 2012ರಲ್ಲಿ ಕೊಟ್ಟರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. 1999ರ ಭೌತಶಾಸ್ತ್ರದ ಬಹುಮಾನದಲ್ಲಿ ಉಳಿದ ಅರ್ಧ ಯಾರಿಗೆ ಗೊತ್ತಾ? ಬಿಸ್ಕತ್ತನ್ನು ಅದ್ದುವ ಸರಿಯಾದ ವಿಧಾನ ಕಂಡುಹಿಡಿದ ಲೆನ್ ಫಿಶರ್‌ಗೆ. ಒಟ್ಟಿನಲ್ಲಿ ಆ ವರ್ಷದ ಭೌತಶಾಸ್ತ್ರ ಒಂದೇ ಮೇಜಿನ ಮೇಲೆ ಮುಗಿದಿತ್ತು.

ನನಗೆ ಬೇಕಿದ್ದ ಸಾಕ್ಷ್ಯ ಸಿಕ್ಕಿದ್ದು 2021ರ ಪ್ರಬಂಧದಲ್ಲಿ. ವಿಯೆನ್ನಾ ಮತ್ತು ಲಂಡನ್ನಿನ ಸಂಶೋಧಕರು ಸೇರಿ ಬರೆದದ್ದು. ಅಂಚಿನ ಕೆಳಭಾಗ ಎಂದೂ ಪೂರ್ತಿ ಒಣಗುವುದಿಲ್ಲವಂತೆ. ಅಲ್ಲೊಂದು ಸಣ್ಣ ಹನಿ ಕೂತೇ ಇರುತ್ತದೆ. ಅದರ ಗಾತ್ರ ಎಷ್ಟು ಎನ್ನುವುದು ನೀವು ಸುರಿಯುವ ವೇಗದ ಮೇಲಿದೆ. ಜೋರಾಗಿ ಸುರಿದರೆ ಧಾರೆ ಅಂಚು ಬಿಟ್ಟು ಹಾರುತ್ತದೆ. ಒಂದು ಮಿತಿಗಿಂತ ನಿಧಾನ ಮಾಡಿದಿರೋ, ಆ ಹನಿ ಇಡೀ ಧಾರೆಯನ್ನು ತನ್ನ ದಾರಿಗೆ ಎಳೆದುಕೊಂಡು ಪಾತ್ರೆಯ ಹೊರಮೈಗೆ ತಿರುಗಿಸುತ್ತದೆ. ನಿಧಾನ ಮಾಡಿದಿರೋ! ಈ ವಾಕ್ಯವನ್ನು ಗಟ್ಟಿಯಾಗಿ, ಬೇಕಂತಲೇ ಎರಡು ಸಲ ಓದಿದೆ. ದೊಡ್ಡಪ್ಪ ಪೇಪರ್ ಮಡಚಲಿಲ್ಲ. ಗುರುತ್ವ ಎಷ್ಟು ಜೋರಾಗಿದೆ ಎನ್ನುವುದು ಇದರಲ್ಲಿ ಮುಖ್ಯವೇ ಅಲ್ಲ, ಚಂದ್ರನ ಮೇಲೂ ಟೀ ಹೀಗೇ ಸೋರುತ್ತದೆ ಅಂತಲೂ ಆ ಸಂಶೋಧಕರು ಹೇಳಿದ್ದಾರೆ. ಹಾಗಾಗಿ ದೊಡ್ಡಪ್ಪನನ್ನು ಅಲ್ಲಿಗೆ ಕಳಿಸಿಯೂ ಪ್ರಯೋಜನವಿಲ್ಲ.

ಪರಿಹಾರವೂ ಇದೆ. ಅಂಚು ತೆಳ್ಳಗೆ, ಚೂಪಾಗಿರಬೇಕು. ನಮ್ಮ ಪಾತ್ರೆಯದ್ದು ಕೈಗೆ ತಾಗದಿರಲಿ ಅಂತ ಗುಂಡಗೆ ಸುತ್ತಿದ ಅಂಚು. ತಯಾರಿಸಿದವರು ಒಂದು ದಿನವೂ ಅದರಿಂದ ಟೀ ಸುರಿದು ನೋಡಿರಲಾರರು. ಇಲ್ಲವೇ ಅಂಚು ನೀರು ಹಿಡಿಯದಂತಿರಬೇಕು. ಫ್ರಾನ್ಸಿನ ಲಿಯೋನ್‌ನಲ್ಲಿ ಕೆಲವರು ನೀರನ್ನು ಪೂರಾ ದೂರ ತಳ್ಳುವ ಲೇಪನ ಹಚ್ಚಿ, ಸೋರುವುದೇ ನಿಲ್ಲುತ್ತದೆ ಅಂತ 2010ರಲ್ಲಿ ತೋರಿಸಿದ್ದಾರೆ. ಮನೆಮಟ್ಟದ ಉಪಾಯ, ಮೂತಿಯ ಕೆಳಗೆ ಚೂರು ಬೆಣ್ಣೆ ಸವರುವುದು. ಬೆಣ್ಣೆ ಹಚ್ಚದೆ ಕೆಲಸ ಆಗದ ಜಾಗಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ. ದೊಡ್ಡಪ್ಪನಿಗೆ ಹೇಳಿದೆ. ‘ಟೀ ಉಳಿಸೋಕೆ ಬೆಣ್ಣೆ ಖರ್ಚು ಮಾಡೋದಾ?’ ಎಂದರು. ಲೆಕ್ಕದಲ್ಲಿ ಅವರನ್ನು ಸೋಲಿಸುವುದು ಕಷ್ಟ.

ಆದರೆ ಅವರ ಲೆಕ್ಕ ಎಲ್ಲಿ ಕೊನೆಯಾಗುತ್ತದೆ ನೋಡಿ. ಚೆಲ್ಲಿದ ಟೀ ‘ಪೋಲು’ ಕಾಲಮ್ಮಿಗೆ ಹೋಗುತ್ತದೆ. ಒರೆಸಿದ ಬಟ್ಟೆ, ಅದಕ್ಕೆ ಹಾಕಿದ ಸೋಪು, ಒರೆಸಿದ ಕೈ ಯಾವ ಕಾಲಮ್ಮಿಗೂ ಹೋಗುವುದಿಲ್ಲ. ದೇಶದ ಜಿಡಿಪಿಯಲ್ಲೂ ಅಷ್ಟೇ. ಸಂಬಳವಿಲ್ಲದ ಮನೆಗೆಲಸ ಅದರ ಆಚೆಗೇ ಉಳಿಯುತ್ತದೆ.

ಜರ್ಮನಿಯ ಆಗ್ನೆಸ್ ಪಾಕೆಲ್ಸ್ ಅಂಥದ್ದೇ ಕೆಲಸ ಮಾಡಿಕೊಂಡಿದ್ದವರು. ಹುಟ್ಟಿದ್ದು 1862ರಲ್ಲಿ. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ತಮ್ಮ ಭೌತಶಾಸ್ತ್ರ ಓದಲು ಹೋದ, ಅಕ್ಕ ಕಾಯಿಲೆಯ ಅಪ್ಪ ಅಮ್ಮನನ್ನು ನೋಡಿಕೊಂಡು ಮನೆಯಲ್ಲುಳಿದರು. ನೀರಿನ ಮೇಲೆ ಜಿಡ್ಡು ಹರಡುವುದನ್ನು ನೋಡುತ್ತಾ, ತಗಡಿನ ತೊಟ್ಟಿ, ತಗಡಿನ ಪಟ್ಟಿ, ಬಟ್ಟೆಗೆ ಹಾಕುವಂಥ ಒಂದು ಗುಂಡಿ ಇಷ್ಟನ್ನೇ ಇಟ್ಟುಕೊಂಡು ನೀರಿನ ಮೇಲ್ಮೈ ಎಳೆತವನ್ನು ಅಳೆದರು. 1891ರಲ್ಲಿ ಇಂಗ್ಲೆಂಡಿನ ಭೌತಶಾಸ್ತ್ರಜ್ಞ ಲಾರ್ಡ್ ರ‍್ಯಾಲೆಗೆ ಕಾಗದ ಬರೆದರು. ಅವರು ಅದನ್ನು ‘ನೇಚರ್’ ಪತ್ರಿಕೆಗೆ ಕಳಿಸಿ ಅಚ್ಚು ಮಾಡಿಸಿದರು. ಆಗ್ನೆಸ್‌ಗೆ ಗೌರವ ಡಾಕ್ಟರೇಟ್ ಬಂದದ್ದು 70 ತುಂಬಿದಾಗ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ದೊಡ್ಡಮ್ಮ ಎಷ್ಟು ವರ್ಷದಿಂದ ಸಿಂಕಿನ ಮುಂದೆ ನಿಂತು ಅದೇ ನೀರು, ಅದೇ ಜಿಡ್ಡು ನೋಡುತ್ತಿದ್ದಾರೆ. ಏನು ಕಂಡಿರಿ ಅಂತ ನಾವು ಯಾರೂ ಕೇಳಿಲ್ಲ. ಇವತ್ತು ಕೇಳಿದೆ. ‘ನಿಮ್ಮ ದೊಡ್ಡಪ್ಪ ಟೀ ಹಾಕೋದು ಬಿಟ್ರೆ ಈ ಮನೇಲಿ ಅರ್ಧ ಬಟ್ಟೆ ಒಗೆಯೋದು ತಪ್ಪುತ್ತೆ’ ಎಂದರು.

ಸಂಜೆ ಮತ್ತೆ ಟೀ ಹೊತ್ತಿಗೆ ದೊಡ್ಡಪ್ಪನೇ ಮಾತು ತೆಗೆದರು. ಆ ಬಹುಮಾನದ್ದು ಅವರ ತಲೆಯಲ್ಲಿ ಕೂತಿತ್ತು.

‘ಅದಕ್ಕೆ ದುಡ್ಡು ಎಷ್ಟು ಕೊಡ್ತಾರೆ?’

‘ಎಷ್ಟೋ ವರ್ಷ ಹತ್ತು ಲಕ್ಷ ಕೋಟಿ ಡಾಲರಿನ ಒಂದು ನೋಟು ಕೊಟ್ಟಿದಾರೆ.’

ಕನ್ನಡಕ ಸರಿ ಮಾಡಿಕೊಂಡು ನೆಟ್ಟಗೆ ಕೂತರು. ಜೀವಮಾನದಲ್ಲಿ ಮೊದಲ ಸಲ ದೊಡ್ಡಪ್ಪ ಸಂಶೋಧನೆಯ ಕಡೆ ಗೌರವದಿಂದ ನೋಡಿದರು. ‘ಹಾಗಾದರೆ ವೇಗವಾಗೇ ಹಾಕಬೇಕು ಅಂತೀಯಾ?’

‘ಜಿಂಬಾಬ್ವೆ ಡಾಲರ್, ದೊಡ್ಡಪ್ಪ. ಹಳೇದು. ಅದನ್ನ 2015ರಲ್ಲೇ ರದ್ದು ಮಾಡಿದಾರೆ.’

‘ಅದರಲ್ಲಿ ಒಂದು ಲೋಟ ಟೀ ಬರುತ್ತಾ?’

‘ಇಲ್ಲ.’

‘ಮತ್ತೆ?’ ಎಂದು ಪಾತ್ರೆ ಎತ್ತಿಕೊಂಡರು. ‘ಆ ಫ್ಯಾನ್ ಆರಿಸು.’