ಗೆದ್ವಿ, ಸೋತ್ರು

ಮೊನ್ನೆ ಒಂದು ಹಳೇ ಫೋಟೋ ಹುಡುಕುತ್ತಾ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಹಲವು ವರ್ಷ ಹಿಂದಕ್ಕೆ ಹೋಗಿದ್ದೆ. ಫೋಟೋ ಸಿಗಲಿಲ್ಲ. ಸಿಕ್ಕಿದ್ದು ನನ್ನವೇ ಎರಡು ಮೆಸೇಜು. ಒಂದು, ನಮ್ಮ ಮೆಚ್ಚಿನ ಕ್ರಿಕೆಟ್ ತಂಡ ಗೆದ್ದ ಭಾನುವಾರ ರಾತ್ರಿಯದ್ದು: "ಗೆದ್ವಿ!!! ಹೆಂಗ್ ಹೊಡುದ್ವಿ ನೋಡ್ರೋ!" ಮುಂದಿನ ವಾರ ಅದೇ ತಂಡ ಸೋತಾಗಿನದ್ದು ಇನ್ನೊಂದು: "ಸೋತ್ರು. ಇವ್ರಿಗೆ ಆಡಕ್ಕೇ ಬರಲ್ಲ." ಎಂಟು ದಿನದೊಳಗೆ ನಾನು ತಂಡಕ್ಕೆ ರಾಜೀನಾಮೆ ಕೊಟ್ಟುಬಿಟ್ಟಿದ್ದೆ. ಯಾರಿಗೂ ಹೇಳದೆ, ನನಗೂ ಗೊತ್ತಾಗದೆ.

ನಮ್ಮ ಭಾಷೆಯಲ್ಲಿ ಈ ಕಳ್ಳತನ ಬಹಳ ಸುಲಭ. 'ನಾವು' ಅಂತ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ, ಕ್ರಿಯಾಪದದ ಬಾಲದಲ್ಲೇ ಕೆಲಸ ಮುಗಿದುಹೋಗುತ್ತದೆ. ಗೆದ್ರೆ 'ವಿ', ಸೋತ್ರೆ 'ರು'.

ಇದು ನನ್ನೊಬ್ಬನ ಚಾಳಿಯಲ್ಲ ಅನ್ನೋದೊಂದು ಸಮಾಧಾನ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಜೊತೆಗಾರರು 1976ರಲ್ಲೇ ಇದನ್ನು ಎಣಿಸಿ ನೋಡಿದ್ದಾರೆ. ಸೋಮವಾರ ತರಗತಿಗೆ ಬಂದ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ತಮ್ಮ ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ಹಾಕಿದ್ದಾರೆ ಅಂತ ಲೆಕ್ಕ ಹಾಕಿದರು. ವಾರಾಂತ್ಯದಲ್ಲಿ ತಂಡ ಗೆದ್ದಿದ್ದರೆ ಆ ಬಟ್ಟೆಗಳು ಜಾಸ್ತಿ. ಆಮೇಲೆ ಫೋನ್ ಮಾಡಿ ಪಂದ್ಯದ ಬಗ್ಗೆ ಕೇಳಿದಾಗ, ಗೆದ್ದ ಆಟದ ವರ್ಣನೆಯಲ್ಲಿ 'ನಾವು' ಹೆಚ್ಚು, ಸೋತ ಆಟದಲ್ಲಿ ಕಡಿಮೆ.

ಇದನ್ನು ಓದಿದವರು ಸಾಮಾನ್ಯವಾಗಿ ನಕ್ಕುಬಿಡುತ್ತಾರೆ. "ಸೋಫಾ ಮೇಲೆ ಕೂತವನಿಗೆ ಎಲ್ಲಿಯ ಗೆಲುವು, ಹೋಗಿ ಸ್ವಂತ ಕೆಲಸ ನೋಡ್ಕೊ" ಅನ್ನುತ್ತಾರೆ. ಆ ಜಾಣರ ಪಕ್ಷ ನನ್ನದಲ್ಲ. ಈ 'ನಾವು' ಪೂರ್ತಿ ಸುಳ್ಳಾಗಿದ್ದರೆ ಸೋನ್ ಕೀ-ಚುಂಗ್ ಕಥೆ ನಡೆಯುತ್ತಲೇ ಇರಲಿಲ್ಲ.

1936, ಬರ್ಲಿನ್ ಒಲಿಂಪಿಕ್ಸ್, ಮ್ಯಾರಥಾನ್. ಗೆದ್ದವನು ಕೊರಿಯಾದವನು. ಆದರೆ ಕೊರಿಯಾ ಆಗ ಜಪಾನಿನ ಕೈಯಲ್ಲಿತ್ತು, ಹಾಗಾಗಿ ಎದೆಯ ಮೇಲೆ ಜಪಾನಿನ ಬಾವುಟ, ದಾಖಲೆಯಲ್ಲಿ ಜಪಾನೀ ಉಚ್ಚಾರಣೆಯ ಹೆಸರು: ಸೋನ್ ಕಿಟೇ. ಪದಕದ ವೇದಿಕೆಯ ಮೇಲೆ ಅವನು ತಲೆ ತಗ್ಗಿಸಿ ನಿಂತ ಫೋಟೋ ಹುಡುಕಿ ನೋಡಿ. ವಿಜೇತರಿಗೆ ಕೊಡುತ್ತಿದ್ದ ಓಕ್ ಗಿಡವನ್ನು ಎದೆಗೆ ಒತ್ತಿ ಹಿಡಿದಿದ್ದಾನೆ, ಅದರ ಹಿಂದೆ ಬಾವುಟ ಮರೆಯಾಗಿದೆ. ಮೂರನೆಯವನಾಗಿ ಬಂದ ನಾಮ್ ಸುಂಗ್-ಯೋಂಗ್ ಕೂಡ ಕೊರಿಯಾದವನೇ. ಅವನಿಗೆ ಮುಚ್ಚಿಕೊಳ್ಳಲು ಗಿಡ ಇರಲಿಲ್ಲ. ಅತ್ತ ಊರಿನಲ್ಲಿ ಡಾಂಗ್-ಎ ಇಲ್ಬೊ ಪತ್ರಿಕೆ ಸೋನ್‌ನ ಫೋಟೋ ಅಚ್ಚು ಮಾಡುವಾಗ ಎದೆಯ ಬಾವುಟವನ್ನು ಅಳಿಸಿಹಾಕಿತು. ಪತ್ರಕರ್ತರು ಜೈಲಿಗೆ ಹೋದರು, ತಿಂಗಳುಗಟ್ಟಲೆ ಪತ್ರಿಕೆ ನಿಂತಿತು. ಆ ಜನ ಒಂದು ಹೆಜ್ಜೆಯನ್ನೂ ಓಡಿರಲಿಲ್ಲ. ಆದರೂ "ಗೆದ್ವಿ" ಅನ್ನುವುದಕ್ಕೆ ಅವರು ತೆತ್ತ ಬೆಲೆ ನೋಡಿ.

1988ರಲ್ಲಿ ಕೊರಿಯಾದ ಸೋಲ್ ನಗರದ ಒಲಿಂಪಿಕ್ಸ್‌ಗೆ ಜ್ಯೋತಿ ಹಿಡಿದು ಕ್ರೀಡಾಂಗಣದೊಳಗೆ ಓಡಿಬಂದ ಮುದುಕ ಇದೇ ಸೋನ್. ಓಡಿದ ಅನ್ನುವುದಕ್ಕಿಂತ ಮಗುವಿನ ಹಾಗೆ ಕುಣಿಯುತ್ತಾ ಬಂದ ಅನ್ನಬೇಕು. ನಾಲ್ಕು ವರ್ಷದ ನಂತರ ಬಾರ್ಸಿಲೋನಾದಲ್ಲಿ ಹ್ವಾಂಗ್ ಯಂಗ್-ಚೋ ಕೊರಿಯಾದ ಬಾವುಟದಡಿಯಲ್ಲೇ ಮ್ಯಾರಥಾನ್ ಚಿನ್ನ ಗೆದ್ದ. ತಾರೀಕು ಆಗಸ್ಟ್ 9. ಬರ್ಲಿನ್ನಿನಲ್ಲಿ ಸೋನ್ ಗೆದ್ದಿದ್ದೂ ಆಗಸ್ಟ್ 9. (ಕಥೆಯಲ್ಲಿ ಹೀಗೆ ಬರೆದರೆ ಅತಿಯಾಯಿತು ಅನ್ನುತ್ತೀರಿ.)

ಇನ್ನು ಆಟ ಮತ್ತು ಸಂಸ್ಕೃತಿಯ ಮಾತು. ಆಟ ನಮಗೆ ಶಿಸ್ತು ಕಲಿಸುತ್ತದೆ ಅನ್ನುವ ಭಾಷಣಗಳನ್ನು ಕೇಳಿ ಕೇಳಿ ಸಾಕಾಗಿದೆ. ನನಗೆ ಖುಷಿ ಕೊಡುವುದು ಜನ ಆಟಕ್ಕೇ ಪಾಠ ಕಲಿಸಿದ ಪ್ರಸಂಗ. ಪಾಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಮಿಷನರಿಗಳು ಕ್ರಿಕೆಟ್ ತಂದರು. ಹಳ್ಳಿ ಹಳ್ಳಿಗಳ ಹೊಡೆದಾಟ ಬಿಡಿಸಿ ಸಭ್ಯರನ್ನಾಗಿ ಮಾಡೋಣ ಅಂತ. ದ್ವೀಪದವರು ಆಟವನ್ನು ತೆಗೆದುಕೊಂಡರು, ಸಭ್ಯತೆಯನ್ನು ವಾಪಸು ಕಳಿಸಿದರು. ತಂಡಕ್ಕೆ ಹನ್ನೊಂದೇ ಜನ ಯಾಕೆ? ಬಂದವರೆಲ್ಲ ಆಡಲಿ, ಎರಡೂ ಕಡೆ ಸಮ ಇದ್ದರಾಯಿತು. ಚೆಂಡನ್ನು ಈಟಿ ಎಸೆದ ಹಾಗೆ ಎಸೆಯುವುದು. ವಿಕೆಟ್ ಬಿದ್ದರೆ ಇಡೀ ತಂಡ ಸಾಲಾಗಿ ಕುಣಿಯುವುದು. ಕೊನೆಗೆ ಗೆಲ್ಲುವುದು ಯಾರು ಅಂದರೆ, ಊಟ ಹಾಕುವ ತಂಡ. ಕರೆದವರೇ ಗೆಲ್ಲಬೇಕು, ಅದೇ ಮರ್ಯಾದೆ. ಇಷ್ಟಾದ ಮೇಲೆ ಕ್ರಿಕೆಟ್ ಇಂಗ್ಲೆಂಡಿನದೋ ಟ್ರೋಬ್ರಿಯಾಂಡಿನದೋ ನೀವೇ ಹೇಳಿ.

ಆದರೆ ಊಟ ಹಾಕಿದ ಮನೆಯವರೂ ಸೋಲುವ ಆಟಗಳಿವೆ. ಅಲ್ಲೇ ಈ 'ನಾವು' ಭಯ ಹುಟ್ಟಿಸುವುದು.

1950, ಜುಲೈ 16, ರಿಯೊದ ಮರಕಾನಾ ಮೈದಾನ. ಫುಟ್‌ಬಾಲ್ ವಿಶ್ವಕಪ್ ಗೆಲ್ಲಲು ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಟಿಕೆಟ್ ಕೊಂಡವರೇ 1,73,850 ಜನ, ಒಳಗೆ ಇದ್ದವರು ಇನ್ನೂ ಹೆಚ್ಚು. ಉರುಗ್ವೆ 2-1ರಿಂದ ಗೆದ್ದಿತು. ಗೆಲುವಿನ ಗೋಲು ಗಿಜ್ಜಾನದ್ದು, 79ನೇ ನಿಮಿಷದಲ್ಲಿ. ಬ್ರೆಜಿಲ್ ತನ್ನ ಬಿಳಿ ಜೆರ್ಸಿಯನ್ನೇ ದರಿದ್ರ ಅಂತ ಬಿಸಾಕಿತು. ಹೊಸದಕ್ಕೆ ಪತ್ರಿಕೆಯೊಂದು ಸ್ಪರ್ಧೆ ಇಟ್ಟಾಗ ಈಗಿನ ಹಳದಿ ಅಂಗಿ ಬಿಡಿಸಿ ಗೆದ್ದವನು ಅಲ್ದಿರ್ ಶ್ಲೀ ಅನ್ನುವ ಹುಡುಗ. ಅವನ ಊರು ಉರುಗ್ವೆ ಗಡಿಯಲ್ಲಿತ್ತು, ಅವನ ಮನಸ್ಸು ಉರುಗ್ವೆ ತಂಡದ ಕಡೆಗಿತ್ತು! ಜಗತ್ತಿನ ಅತ್ಯಂತ ಪ್ರಸಿದ್ಧ 'ನಾವು'ವಿನ ಬಟ್ಟೆ ಹೊಲಿಸಿಕೊಟ್ಟವನೇ ಪೂರ್ತಿ 'ನಾವು' ಅಲ್ಲ.

ಇದು ನಗುವ ಭಾಗ. ಬ್ರೆಜಿಲ್‌ನ ಗೋಲ್‌ಕೀಪರ್ ಮೊಅಸಿರ್ ಬಾರ್ಬೋಸಾನದ್ದು ಹಾಗಲ್ಲ. ಅಂಗಿ ಬದಲಾಯಿಸಿದ ಹಾಗೆ ಅವನ ಹೆಸರನ್ನು ಬದಲಾಯಿಸಲಾಗಲಿಲ್ಲ. 2000ದಲ್ಲಿ ಸಾಯುವವರೆಗೂ ಜನ ಆ ಗೋಲನ್ನು ಅವನ ತಲೆಗೇ ಕಟ್ಟಿದರು. ಈ ದೇಶದಲ್ಲಿ ಅತಿ ದೊಡ್ಡ ಶಿಕ್ಷೆಯೇ ಮೂವತ್ತು ವರ್ಷ, ನಾನು ಐವತ್ತು ವರ್ಷದಿಂದ ಅನುಭವಿಸುತ್ತಿದ್ದೇನೆ ಎಂಬ ಅರ್ಥದ ಮಾತನ್ನು ಮುದುಕನಾದ ಮೇಲೆ ಆಡಿದ್ದ. ಅವತ್ತು ಬೆಳಿಗ್ಗೆ ಅಷ್ಟೂ ಜನ "ಗೆಲ್ತೀವಿ" ಅಂದಿದ್ದರು. ಸಂಜೆ ಬಹುವಚನ ಪೂರ್ತಿ ಮಾಯ. "ಸೋತ್ರು" ಕೂಡ ಅಲ್ಲ, "ಸೋಲಿಸ್ದ".

ಈ ಕಥೆ ನನಗೆ ಮುಂಚೆಯೇ ಗೊತ್ತಿತ್ತು. ಒಳಗೆ ಇಳಿದಿದ್ದು ನಾಲ್ಕು ವರ್ಷದ ಹಿಂದೆ, ನಾನೇ ಓಡಲು ಶುರು ಮಾಡಿದ ಮೇಲೆ. ವಯಸ್ಸು ನಲವತ್ನಾಲ್ಕು, ಡಾಕ್ಟರು ಹೇಳಿದ್ದು ನಡಿಗೆ, ನಾನು ಕೇಳಿಸಿಕೊಂಡಿದ್ದು ಓಟ. ಮೊದಲ ದಿನ ಎರಡು ನಿಮಿಷಕ್ಕೆ ಪಕ್ಕೆ ಹಿಡಿದು ಬಗ್ಗಿ ನಿಂತೆ. ನಿಲ್ಲದೆ ಐದು ಕಿಲೋಮೀಟರ್ ಓಡಲು ಏಳು ತಿಂಗಳು ಬೇಕಾಯಿತು. ಅದೂ 41 ನಿಮಿಷ, ನಗಬೇಡಿ. ಮುಗಿಸಿದಾಗ ಅಲ್ಲಿ ಯಾರೂ ಇರಲಿಲ್ಲ. ಒಂದು ನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು. ಹೇಳಿಕೊಳ್ಳೋಣ ಅಂದರೆ 'ಓಡಿದ್ವಿ' ಅನ್ನುವುದಕ್ಕೆ ಆಗುವುದಿಲ್ಲ. ಓಡಿದೆ. ಅಷ್ಟೇ. ಇಷ್ಟು ಚಿಕ್ಕ ಏಕವಚನಕ್ಕೆ ಏಳು ತಿಂಗಳು ಹಿಡಿದಿತ್ತು. ನಿಜ ಹೇಳಬೇಕೆಂದರೆ, ಟೀವಿ ಮುಂದೆ ಕುಣಿದ ಯಾವ ಕಪ್ಪೂ ಅಷ್ಟು ಹೊತ್ತು ಮೈಯಲ್ಲಿ ಉಳಿದಿರಲಿಲ್ಲ.

ಓಡಲು ಶುರು ಮಾಡಿದ ಮೇಲೆ ಆಟ ನೋಡುವ ಕಣ್ಣೂ ಬದಲಾಯಿತು. ಮೊದಲು ಅಂಗಿಯ ಬಣ್ಣ ಕಾಣುತ್ತಿತ್ತು. ಈಗ ಕೊನೆಯ ಹತ್ತು ನಿಮಿಷದಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡವನು ಕಾಣುತ್ತಾನೆ, ಭಾರವಾದ ತೊಡೆ ಕಾಣುತ್ತದೆ. ಬಾರ್ಬೋಸಾನ ಆ ಗೋಲಿನ ಮಸುಕಾದ ಚಿತ್ರಣವನ್ನು ಇತ್ತೀಚೆಗೆ ಮತ್ತೆ ನೋಡಿದೆ. ಉರುಗ್ವೆಯ ಮೊದಲ ಗೋಲಿನಲ್ಲಿ ಗಿಜ್ಜಾ ಬಲಗಡೆಯಿಂದ ನುಗ್ಗಿ ಚೆಂಡನ್ನು ಮಧ್ಯಕ್ಕೆ ಕೊಟ್ಟಿದ್ದ. ಎರಡನೇ ಸಲವೂ ಅದೇ ಜಾಗದಿಂದ ಬಂದ. ಈ ಸಲವೂ ಮಧ್ಯಕ್ಕೇ ಕೊಡುತ್ತಾನೆ ಅಂತ ಬಾರ್ಬೋಸಾ ಆ ಕಡೆ ವಾಲಿದ. ಗಿಜ್ಜಾ ಹತ್ತಿರದ ಕಂಬದ ಪಕ್ಕಕ್ಕೆ ಹೊಡೆದ. ಅರ್ಧ ಹೆಜ್ಜೆಯ ಅಂದಾಜು, ಅದೂ ಬುದ್ಧಿ ಇದ್ದವನು ಮಾಡುವ ಅಂದಾಜೇ. ದಣಿದ ಮೈ ಅಷ್ಟನ್ನಾದರೂ ಮಾಡಿತಲ್ಲ ಅನ್ನಿಸಿತು.

ಹೋದ ತಿಂಗಳು ನಮ್ಮ ತಂಡ ಗೆಲ್ಲಬೇಕಾಗಿದ್ದ ಪಂದ್ಯ ಕೈಬಿಟ್ಟಿತು. ಗುಂಪಿನಲ್ಲಿ ಬೈಗುಳದ ಮಳೆ. ಕ್ಯಾಚ್ ಬಿಟ್ಟ ಹುಡುಗನ ಮನೆಮಂದಿಯನ್ನೂ ಎಳೆದು ತಂದಿದ್ದರು. ನಾನು "ಸೋತ್ವಿ" ಅಂತ ಹಾಕಿದೆ. ಎರಡೇ ಅಕ್ಷರ, ಆದರೂ ಕಳಿಸುವಾಗ ಏನೋ ಮುಜುಗರ.

ಒಂದು ನಿಮಿಷದಲ್ಲಿ ಒಬ್ಬನ ಉತ್ತರ ಬಂತು: "ಟೈಪಿಂಗ್ ಮಿಸ್ಟೇಕ್ ಆಗಿದೆ ನೋಡು. ಸೋತ್ರು."

"ಇಲ್ಲ ಕಣೋ, ಸರಿಯಾಗೇ ಇದೆ" ಅಂದೆ.